ಆಯಿಯ ಕೈಯಿಂದ ಕೆಲಸ ಕಸಿದುಕೊಳ್ಳಬೇಡಿ

ಕೊಲೋನ್, ಜರ್ಮನಿ
ಡಿಸೆಂಬರ್ ಮೊದಲ ವಾರ

ಪ್ರೀತಿಯ ಅವ್ವ, ಅಪ್ಪ, ಅಣ್ಣ, ವೈನಿ,

ಎಲ್ಲರಿಗೂ ಶರಣು. ಆಯಿಗೆ ಬೇರೆಯಾಗಿ ಶರಣು ಹೇಳಿ. ಪುಟ್ಯಾ, ಪುಟ್ಟಿಗೆ ಮುದ್ದು.

ದಿನಾ ಫೋನಿನಲ್ಲಿ ಮಾತಾಡುತ್ತೀವಲ್ಲ, ಮತ್ತೆ ಪತ್ರ ಯಾಕೆ ಅಂತ ಅಪ್ಪ ಕೇಳಬಹುದು. ಫೋನಿನಲ್ಲಿ ಒಬ್ಬರ ಮಾತು ಮುಗಿಯೋದರೊಳಗೆ ಇನ್ನೊಬ್ಬರು ಕಸಿದುಕೊಳ್ಳುತ್ತೀರಿ. ನಾನು ಹೇಳಬೇಕಾದ್ದು ಸ್ವಲ್ಪ ಉದ್ದ ಇದೆ. ಸಾವಕಾಶ ಓದಿ. ಆಯಿಗೂ ಓದಿ ಹೇಳಿ, ಯಾಕೆಂದರೆ ಇದು ಅವಳದೇ ವಿಷಯ.

ದೀಪಾವಳಿ ಹೊತ್ತಿಗೆ ಆಯಿ ಬಚ್ಚಲಲ್ಲಿ ಜಾರಿ ಬಿದ್ದಾಗಿನಿಂದ ಮನೆಯಲ್ಲಿ ಎಲ್ಲರಿಗೂ ಹೆದರಿಕೆ ಹೊಕ್ಕಿದೆ. ಎಲುಬು ಮುರಿಯಲಿಲ್ಲ, ದೊಡ್ಡ ಪುಣ್ಯ. ಆದರೆ ಅಂದಿನಿಂದ ಆಯಿ ಒಲೆ ಮುಂದೆ ಹೋಗುವಂತಿಲ್ಲ, ಮೆಟ್ಟಿಲು ಇಳಿಯುವಂತಿಲ್ಲ, ಹೊಲದ ಮಾತಂತೂ ಬೇಡವೇ ಬೇಡ. ಬಂದವರೆಲ್ಲ ಒಂದೇ ಮಾತು ಹೇಳಿ ಹೋಗುತ್ತಾರೆ, "ಎಷ್ಟ್ ದುಡದೀದಿ ಆಯಿ, ಇನ್ನ ಸುಮ್ನ ಕೂಡು." ಈಗ ಮೇಲೆ ಮಹಡಿ ಕಟ್ಟಿಸಿ ನೀವೆಲ್ಲ ಅಲ್ಲಿಗೆ ಹೋಗೋದು, ಕೆಳಗೆ ಆಯಿಗೆ ಒಂದು ಕೋಣೆ, ನೋಡಿಕೊಳ್ಳೋಕೆ ಒಬ್ಬ ಹೆಣ್ಣುಮಗಳು ಅಂತ ಅಣ್ಣ ಲೆಕ್ಕ ಹಾಕಿದ್ದಾನೆ. ಅಣ್ಣನ ಮನಸ್ಸು ನನಗೆ ಗೊತ್ತು. ಆಯಿಗೆ ಏನೂ ಕಷ್ಟ ಆಗಬಾರದು ಅಂತಲೇ ಅವನು ಇಷ್ಟೆಲ್ಲ ಯೋಚನೆ ಮಾಡುತ್ತಿದ್ದಾನೆ. ಆದರೂ ಇದು ಬೇಡ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಯಾಕೆ ಅಂತ ಹೇಳಬೇಕಾದರೆ ನಾನಿರುವ ಈ ಮನೆಯ ವಿಷಯ ಹೇಳಬೇಕು.

ನಾನು ಬಾಡಿಗೆ ಕೊಡದೆ ಒಬ್ಬ ಅಜ್ಜಿಯ ಮನೆಯಲ್ಲಿದ್ದೇನೆ ಅಂತಷ್ಟೇ ನಿಮಗೆ ಗೊತ್ತು. ಅಜ್ಜಿಗೆ 86 ವರ್ಷ. ಗಂಡ ತೀರಿಕೊಂಡಿದ್ದಾರೆ, ಮಗ ದೂರದ ಊರಲ್ಲಿದ್ದಾರೆ. ಈ ದೇಶದಲ್ಲಿ 100 ಮನೆ ಎಣಿಸಿದರೆ ಸುಮಾರು 40 ಮನೆಗಳಲ್ಲಿ ಒಬ್ಬೊಬ್ಬರೇ ಇರುತ್ತಾರೆ. ಒಂದು ಕಡೆ ಮುದುಕರ ಮನೆಗಳಲ್ಲಿ ಖಾಲಿ ಕೋಣೆಗಳು. ಇನ್ನೊಂದು ಕಡೆ ಕೋಣೆ ಸಿಗದೆ ಅಲೆಯುವ ವಿದ್ಯಾರ್ಥಿಗಳು. ಇಬ್ಬರನ್ನೂ ಕೂಡಿಸುವ ಒಂದು ವ್ಯವಸ್ಥೆ ಇಲ್ಲಿದೆ, 'ವೋನೆನ್ ಫ್ಯೂರ್ ಹಿಲ್ಫೆ' ಅಂತ, ಅಂದರೆ ಸಹಾಯಕ್ಕೆ ಬದಲಾಗಿ ವಾಸ. ಕೋಣೆಯ ಒಂದು ಚದರ ಮೀಟರಿಗೆ ತಿಂಗಳಿಗೆ ಒಂದು ಗಂಟೆ ಕೆಲಸ, ಅದು ಲೆಕ್ಕ. ನನ್ನ ಕೋಣೆ 18 ಚದರ ಮೀಟರ್ ಇದೆ, ಹಾಗಾಗಿ ತಿಂಗಳಿಗೆ 18 ಗಂಟೆ. ಕರೆಂಟು, ನೀರು, ಹೀಟರಿನ ಖರ್ಚಿನಲ್ಲಿ ನನ್ನ ಪಾಲು ನಾನು ಕೊಡುತ್ತೇನೆ. ಸಂತೆ ತರೋದು, ಕಿಟಕಿ ಒರೆಸೋದು, ಅಂಗಳದ ಎಲೆ ಗುಡಿಸೋದು, ಅಜ್ಜಿ ಡಾಕ್ಟರ್ ಹತ್ತಿರ ಹೊರಟರೆ ಜೊತೆಗೆ ಹೋಗೋದು, ಇವು ನನ್ನ ಕೆಲಸ. ಮೈ ತೊಳೆಸೋದು, ಔಷಧಿ ಕೊಡೋದು ಇದರಲ್ಲಿ ಬರೋದಿಲ್ಲ. ಅದಕ್ಕೆ ಕಲಿತವರು ಬೇರೆ ಇದ್ದಾರೆ.

ಇಂಥವು ಇಲ್ಲಿ ಬೇರೆ ಬೇರೆ ರೀತಿಯಲ್ಲಿವೆ. ನೆದರ್‌ಲ್ಯಾಂಡ್ಸ್‌ನ ಡೆವೆಂಟರ್ ಅನ್ನುವ ಊರಿನ ಒಂದು ವೃದ್ಧಾಶ್ರಮದಲ್ಲಿ ವಿದ್ಯಾರ್ಥಿಗಳು ತಿಂಗಳಿಗೆ 30 ಗಂಟೆ ಹಿರಿಯರ ಜೊತೆ ಕಳೆದರೆ ಬಾಡಿಗೆ ಇಲ್ಲದೆ ಇರಬಹುದು. ಜರ್ಮನಿಯ ಸರ್ಕಾರ 2006ರಿಂದ ಊರೂರಲ್ಲಿ ಎಲ್ಲ ವಯಸ್ಸಿನವರೂ ಬಂದು ಸೇರುವ ಮನೆಗಳಿಗೆ ದುಡ್ಡು ಕೊಡುತ್ತಿದೆ. ಈಗ ಸುಮಾರು 530 ಇವೆ. ಅಲ್ಲಿ ಯಾರೂ ವಾಸ ಇರೋದಿಲ್ಲ. ಹಗಲು ಹೊತ್ತು ಮಕ್ಕಳು, ತಾಯಂದಿರು, ಮುದುಕರು ಒಂದೇ ಸೂರಿನಡಿ ಕೂಡುತ್ತಾರೆ.

ಇದನ್ನೆಲ್ಲ ನೋಡಿ "ನೋಡ್ರಿ, ನಮ್ಮದೇ ಚಲೋ" ಅಂತ ನಾನು ಹೇಳೋದಿಲ್ಲ. ನಮ್ಮಲ್ಲಿ ನಾಲ್ಕು ತಲೆಮಾರು ಕೂಡಿ ಇರೋದು ಯಾರ ದುಡಿಮೆಯ ಮೇಲೆ ನಡೆದಿದೆ? ಮೊದಲು ಆಯಿ, ಆಮೇಲೆ ಅವ್ವ, ಈಗ ವೈನಿ. ಶಾಲೆಯಲ್ಲಿ ದಿನವಿಡೀ ಪಾಠ ಹೇಳಿ ಬಂದ ವೈನಿಗೆ ಸಂಜೆ ಇನ್ನೊಂದು ಪಾಳಿ ಕಾದಿರುತ್ತದೆ. ಯಾರಿಗೆ ಎಷ್ಟು ಕೆಲಸ ಅಂತ ನಮ್ಮ ಮನೆಯಲ್ಲಿ ಎಂದಾದರೂ ಕೂತು ಮಾತಾಡಿದ್ದೀವಾ? ಇಲ್ಲಿ ಮೊದಲ ದಿನವೇ ಅಜ್ಜಿ ಹಾಳೆ, ಪೆನ್ನು ಹಿಡಿದು ನನ್ನ ಜೊತೆ ಕೂತರು. ಆ ಪದ್ಧತಿ ನನಗೆ ಬಹಳ ಹಿಡಿಸಿತು. ಹಾಗಾಗಿ ಆಯಿಗೆ ಸಹಾಯಕ್ಕೆ ಒಬ್ಬರನ್ನು ಇಡೋದಾದರೆ ಖಂಡಿತ ಇಡಿ. ವೈನಿ ಹೆಣ್ಣುಮಕ್ಕಳ ಸಂಘದವರ ಹತ್ತಿರ ರೊಟ್ಟಿ ತರಿಸೋದರಲ್ಲೂ ತಪ್ಪಿಲ್ಲ. 'ಕಲಬುರಗಿ ರೊಟ್ಟಿ' ಅಂತ ಈಗ ಹೆಸರು ಮಾಡಿದ್ದಾರಲ್ಲ, ಅವರೂ ನಾಲ್ಕು ಕಾಸು ಕಾಣಲಿ.

ನನ್ನ ತಕರಾರು ಇರೋದು ಆಯಿಯನ್ನು ಸುಮ್ನೆ ಕೂಡಿಸೋದಕ್ಕೆ.

ಈ ಅಜ್ಜಿ ಸುಮ್ನೆ ಕೂಡೋದಿಲ್ಲ. ಕೈ ನಡುಗುತ್ತದೆ, ಮಂಡಿ ನೋವು ಬೇರೆ. ಆದರೂ ಆಲೂಗಡ್ಡೆ ಹೆರೆಯೋದು ಅವರದೇ ಕೆಲಸ, ನಾನು ಮುಟ್ಟಿದರೆ ಚಾಕು ಇಸಿದುಕೊಳ್ಳುತ್ತಾರೆ. ರೈ ಹಿಟ್ಟಿನ ಕರಿ ಬ್ರೆಡ್ ಮನೆಯಲ್ಲೇ ಮಾಡುತ್ತಾರೆ. ಅದಕ್ಕೆ ಹುಳಿ ಹಿಟ್ಟನ್ನು ಫ್ರಿಜ್ಜಿನಲ್ಲಿ ಒಂದು ಗಾಜಿನ ಡಬ್ಬಿಯಲ್ಲಿ ಇಟ್ಟು, ತಪ್ಪದೆ ಹೊಸ ಹಿಟ್ಟು ಹಾಕಿ ಕಾಪಾಡುತ್ತಾರೆ. ಮತ್ತೆ ಒಂದು ವಿಷಯ ಗಮನಿಸಿದೆ. ಬರಿಗೈಯಲ್ಲಿ ಕೂತಾಗ ಅವರ ಮಾತು ಎರಡು ವಾಕ್ಯಕ್ಕೆ ಮುಗಿಯುತ್ತದೆ. ಕೈ ಹಿಟ್ಟಿನಲ್ಲಿದ್ದರೆ ಸಾಕು, ಮಾತು ತಾನಾಗಿ ಬರುತ್ತದೆ.

ಹಾಗೆ ಬಂದ ಮಾತು ಇದು. 1946ರ ಚಳಿಗಾಲ. ಯುದ್ಧ ಮುಗಿದು ಒಂದೂವರೆ ವರ್ಷ, ಊರೆಲ್ಲ ಬಾಂಬು ಬಿದ್ದು ಕಲ್ಲು ಮಣ್ಣಿನ ಗುಡ್ಡೆ. ಉಣ್ಣೋಕೆ ಇಲ್ಲ, ಮನೆ ಬೆಚ್ಚಗೆ ಮಾಡೋಕೆ ಕಲ್ಲಿದ್ದಲು ಇಲ್ಲ. ಆ ಡಿಸೆಂಬರ್ 31ರಂದು ಇಲ್ಲಿಯ ದೊಡ್ಡ ಪಾದ್ರಿ ಕಾರ್ಡಿನಲ್ ಫ್ರಿಂಗ್ಸ್ ಅವರು ಚರ್ಚಿನಲ್ಲಿ, ಜೀವ ಉಳಿಸಿಕೊಳ್ಳೋಕೆ ಬೇಕಾದದ್ದು ದುಡಿದರೂ ಬೇಡಿದರೂ ಸಿಗದೇ ಹೋದರೆ ತೆಗೆದುಕೊಳ್ಳಬಹುದು ಅಂತ ಹೇಳಿದರಂತೆ. ಅಜ್ಜಿಗೆ ಆಗ ಏಳು ವರ್ಷ. ಅವರ ಅಣ್ಣ ನಿಂತ ಗೂಡ್ಸ್ ಗಾಡಿ ಹತ್ತಿ ಕಲ್ಲಿದ್ದಲು ಕೆಳಗೆ ಎಸೆಯೋನು, ಇವರು ಲಂಗದಲ್ಲಿ ತುಂಬಿಕೊಂಡು ಓಡೋರು.

ಕೇಳುತ್ತಾ ನನಗೆ ಆಯಿ ಹೇಳುತ್ತಿದ್ದ 1972ರ ಬರ ನೆನಪಾಯಿತು. ರಸ್ತೆ ಕೆಲಸಕ್ಕೆ ಹೋಗಿ ಕಲ್ಲು ಒಡೆದದ್ದು, ಹೊರದೇಶದ ಕೆಂಪು ಜೋಳ ತಂದು ಬೀಸಿದ್ದು, ಅದರ ರೊಟ್ಟಿ ಗಂಟಲಲ್ಲಿ ಇಳಿಯದೆ ಕಾಕಾ ಅತ್ತದ್ದು. ಆಯಿ ಇದನ್ನೆಲ್ಲ ನಮಗೆ ಯಾವಾಗ ಹೇಳಿದಳು, ನೆನಪು ಮಾಡಿಕೊಳ್ಳಿ. "ಬರ್ರಿ ಕೂಡ್ರಿ, ಕಥಿ ಹೇಳ್ತೀನಿ" ಅಂತ ಕೂಡಿಸಿಕೊಂಡು ಹೇಳಲಿಲ್ಲ. ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ತೊಗರಿ ಸುರಿದುಕೊಂಡು, ಮೊರದಲ್ಲಿ ಹಸನ ಮಾಡುತ್ತಾ ಹೇಳಿದಳು. ನಾವೂ ಒಂದೊಂದು ಹಿಡಿ ಮುಂದಿಟ್ಟುಕೊಂಡು ಹರಳು ಆರಿಸುತ್ತಿದ್ದೆವು. ಹರಳು ಯಾವುದು, ಹುಳ ಬಿದ್ದ ಕಾಳು ಯಾವುದು ಅಂತ ಬೆರಳು ಕಲಿಯಿತು. ಬರ ಅಂದರೆ ಏನು ಅಂತ ಕಿವಿ ಕಲಿಯಿತು. ಪುಟ್ಯಾ ಪುಟ್ಟಿಗೆ ಇದು ಎಲ್ಲಿ ಸಿಗಬೇಕು? ಆಯಿಯ ಮುಂದಿನ ಮೊರ ತೆಗೆದಿಟ್ಟು, "ಮಕ್ಕಳಿಗೆ ಹಳೇ ಕಾಲದ ಮಾತು ಹೇಳು" ಅಂದರೆ ಅವಳಿಗೆ ಬಾಯಿ ಬರುತ್ತದಾ?

ಹೋದ ತಿಂಗಳ ವಿಡಿಯೋ ಕಾಲ್ ವೈನಿಗೆ ನೆನಪಿರಬೇಕು, ಫೋನ್ ಹಿಡಿದವಳು ಅವಳೇ. ಇಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಸಿಕ್ಕ ಜೋಳದ ಹಿಟ್ಟು ಎಷ್ಟು ಹಳೆಯದೋ ಏನೋ. ಬಡಿಯೋಕೆ ಹೋದರೆ ರೊಟ್ಟಿ ಅಂಚಿನಿಂದ ನಡುವಿನವರೆಗೆ ಸೀಳುತ್ತಿತ್ತು. ಆಯಿ ಪರದೆಯಲ್ಲಿ ಒಂದೇ ಸಲ ನೋಡಿ, "ಹಿಟ್ಟಿನ ಜಿಗಿ ಹೋಗ್ಯಾದ. ಎಸರು ಸಳಸಳ ಕುದೀಲಿ. ಒಮ್ಮಿಗೇ ಎಲ್ಲಾ ನಾದಬ್ಯಾಡ, ಒಂದ್ ರೊಟ್ಟಿಗಿ ಆಗೋವಷ್ಟೇ ತಗೊಂಡು ಅಂಗೈ ಬುಡಲಿಂದ ತಿಕ್ಕು" ಅಂದಳು. ಪಕ್ಕದಲ್ಲಿದ್ದ ಅಜ್ಜಿಗೆ ಕನ್ನಡದ ಒಂದಕ್ಷರ ಬರೋದಿಲ್ಲ. ಆದರೆ ಆಯಿಯ ಕೈ ಗಾಳಿಯಲ್ಲಿ ನಾದುವುದನ್ನು ನೋಡಿದರು, ಒಡೆದ ರೊಟ್ಟಿ ನೋಡಿದರು, ಎದ್ದು ಹೋಗಿ ನೀರು ಕಾಯಿಸೋಕೆ ಇಟ್ಟರು. ರೈ ಹಿಟ್ಟಿಗೂ ಗೋಧಿಯ ಹಾಗೆ ಎಳೆ ಬರೋದಿಲ್ಲವಂತೆ. ಬ್ರೆಡ್ ಪುಡಿಯಾಗಬಾರದು ಅಂತ ಅವರೂ ಹಿಂದಿನ ರಾತ್ರಿ ಸ್ವಲ್ಪ ಹಿಟ್ಟಿಗೆ ಕುದಿಯುವ ನೀರು ಸುರಿದು ಇಡುತ್ತಾರೆ. ನಾನು ಅದನ್ನು ಆಯಿಗೆ ಹೇಳಿದಾಗ ಅವಳು ಫೋನಿಗೆ ಮುಖ ತಂದು, "ಮತ್ತ! ಹಿಟ್ಟು ಎಲ್ಲಿದಾದ್ರೂ ಹಿಟ್ಟೇ ಅಲ್ಲೇನ್" ಅಂದಳು. ಆ ದಿನ ಅವಳ ದನಿ ಹೇಗಿತ್ತು ಅಂತ ನೀವೇ ಕೇಳಿದ್ದೀರಿ. ಬಿದ್ದ ಮೇಲೆ ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ರಾತ್ರಿ ಕೇಳಿ ಇಸಿದುಕೊಂಡು ಉಂಡಳು ಅಂತ ಅವ್ವ ಹೇಳಿದಳು.

ಅಣ್ಣಾ, ನಿನಗೆ ಒಂದು ಮಾತು. ಹೊಲದ ವಿಷಯದಲ್ಲಿ ನೀನು, ಅಪ್ಪ ಎಷ್ಟು ಜಗಳ ಆಡಿದ್ದೀರಿ! ತೊಗರಿ ನೆಟೆ ರೋಗದಿಂದ ಒಣಗಿ ನಿಂತ ವರ್ಷ ನೀನು ಕೃಷಿ ಸಂಶೋಧನಾ ಕೇಂದ್ರದಿಂದ ನೆಟೆ ತಡೆಯುವ ಟಿಎಸ್-3ಆರ್ ತೊಗರಿ ಬೀಜ ತಂದೆ. ಅಪ್ಪ, ಬೀಜ ಬದಲಿಸಿದರೆ ಸಾಲದು, ತೊಗರಿ ಸಾಲಿನ ನಡುವೆ ಜೋಳ ಹಾಕು, ಮುತ್ಯಾ ಹಾಗೇ ಹಾಕುತ್ತಿದ್ದರು ಅಂತ ಹಟ ಹಿಡಿದರು. ಆಮೇಲೆ ಕೇಂದ್ರದವರೇ, ಜೋಳದ ಜೊತೆ ಬೆಳೆದರೆ ನೆಟೆ ಕಡಿಮೆ ಆಗುತ್ತದೆ ಅಂದರು. ನಿನ್ನ ಬೀಜವೂ ಉಳಿಯಿತು, ಮುತ್ಯಾನ ಸಾಲೂ ಉಳಿಯಿತು. ಔಷಧಿ ಹೊಡೆದರೂ ಕಾಯಿಕೊರಕ ಸಾಯದೇ ಇದ್ದಾಗ ಏನು ಮಾಡಿದಿರಿ? ಆಯಿ ಹೆಣ್ಣುಮಕ್ಕಳನ್ನು ಕರೆದುಕೊಂಡು ಸಾಲಿಗಿಳಿದು, ಗಿಡ ಬಗ್ಗಿಸಿ ಅಲ್ಲಾಡಿಸಿ, ತಾಡಪತ್ರಿ ಮೇಲೆ ಕೀಡೆ ಉದುರಿಸಿ ಬಳಿದು ಹಾಕಿದಳು. ಹೊಲದಲ್ಲಿ ನಿಮಗೆ ಇಷ್ಟು ಗೊತ್ತಿದೆ. ಮನೆಯಲ್ಲಿ ಮಾತ್ರ ಆಯಿಯನ್ನು ಕೆಳಗೆ ಬಿಟ್ಟು ಮೇಲೆ ಹೋಗೋದಾ?

ಬೀಳೋ ಭಯ ಸುಳ್ಳಲ್ಲ. ಅದಕ್ಕೆ ಇಲ್ಲಿ ಏನು ಮಾಡಿದ್ದಾರೆ ಅಂತ ಬರೆಯುತ್ತೇನೆ, ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಬಚ್ಚಲಲ್ಲಿ, ಸಂಡಾಸಿನಲ್ಲಿ ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿ. ಗೋಡೆಯೊಳಗೆ ಗಟ್ಟಿಯಾಗಿ ಕೂತಿರಬೇಕು, ನೀನೇ ಜೋತುಬಿದ್ದು ನೋಡು. ಶಹಾಬಾದ್ ಕಲ್ಲು ಸಾಬೂನು ನೀರು ಬಿದ್ದರೆ ಎಷ್ಟು ಜಾರುತ್ತದೆ ಅಂತ ನಮಗೆಲ್ಲ ಗೊತ್ತು, ಅಲ್ಲಿ ರಬ್ಬರ್ ಮ್ಯಾಟ್ ಹಾಕಿ. ಪಡಸಾಲೆಯ ಆ ಮಡಚಿಕೊಳ್ಳುವ ಜಮಖಾನೆ ತೆಗೆದುಬಿಡಿ, ಕಾಲಿಗೆ ಸಿಕ್ಕುತ್ತದೆ. ಆಯಿ ರಾತ್ರಿ ಏಳುವ ದಾರಿಯಲ್ಲಿ ಸಣ್ಣ ಲೈಟು ಉರಿಯುತ್ತಿರಲಿ. ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಏಳೋದು ಅವಳಿಗೆ ಇನ್ನು ಆಗದು. ಗಟ್ಟಿಯಾದ ಕುರ್ಚಿ, ಅದರ ಎತ್ತರಕ್ಕೆ ಸರಿಯಾದ ಒಂದು ಟೇಬಲ್ ಹಾಕಿ. ಒಲೆ ಹತ್ತಿರ ವೈನಿ ಇರಲಿ, ನಾದೋದು ಆಯಿಗೆ ಬಿಡಿ. ಎಲ್ಲ ರೊಟ್ಟಿಯೂ ಬೇಡ, ನಾಲ್ಕೇ ಆದರೂ ಸಾಕು. ಪುಟ್ಟಿಗೆ ಒಂದು ಸಣ್ಣ ಉಂಡೆ ಕೊಟ್ಟು ಪಕ್ಕದಲ್ಲಿ ಕೂಡಿಸಿ. ಪುಟ್ಯಾನನ್ನೂ ಕೂಡಿಸಿ, ಗಂಡುಹುಡುಗ ಅಂತ ಬಿಡಬೇಡಿ. ಅವನು ಆಯಿಗೆ ಫೋನಿನಲ್ಲಿ ಮಾತಾಡಿ ಮೆಸೇಜು ಕಳಿಸೋದು ಕಲಿಸಿದ್ದಾನೆ, ಬೆಳಿಗ್ಗೆ ಎದ್ದರೆ ಅವಳ ದನಿ ಬಂದು ಕೂತಿರುತ್ತದೆ. ಅಷ್ಟು ತಾಳ್ಮೆಯಿಂದ ಕಲಿಸೋ ಹುಡುಗ ರೊಟ್ಟಿ ಬಡಿಯೋದನ್ನೂ ಕಲಿಯುತ್ತಾನೆ.

ಮಹಡಿ ಕಟ್ಟಿಸಿ, ಬೇಡ ಅನ್ನೋದಿಲ್ಲ. ಮಕ್ಕಳು ಓದೋಕೆ ಜಾಗ ಬೇಕು. ಆದರೆ ಅಡುಗೆಮನೆ ಕೆಳಗೇ ಇರಲಿ, ಊಟ ಕೆಳಗೇ ಆಗಲಿ. ಮತ್ತೆ ಇಟ್ಟಿಗೆ ತರಿಸೋ ಮೊದಲು ಆಯಿಯನ್ನು ಒಂದು ಸಲ ಕೇಳಿ. ಇಷ್ಟು ದಿನದ ಮಾತಿನಲ್ಲಿ "ಆಯಿ ಹೀಗಂದಳು" ಅಂತ ನಿಮ್ಮಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಎಳ್ಳ ಅಮವಾಸ್ಯೆ ಹತ್ತಿರ ಬಂತು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ ಎಲ್ಲ ಬುತ್ತಿ ಕಟ್ಟುತ್ತೀರಿ. ಆಯಿಯನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಬಾವಿ ದಂಡೆಯ ಬೇವಿನ ಗಿಡದವರೆಗೆ ಕಾರು ಹೋಗುತ್ತದೆ, ಅಲ್ಲಿ ಕುರ್ಚಿ ಹಾಕಿ ಕೂಡಿಸಿ. ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲುವಾಗ ಅವಳು ಹೇಳಲಿ, ಪುಟ್ಯಾ ಅವಳ ಹಿಂದೆ ಹೇಳಿ ಚೆಲ್ಲಲಿ. ನಿಮಗೆ ಮಧ್ಯಾಹ್ನ ಹನ್ನೆರಡೂವರೆ ಆದಾಗ ಇಲ್ಲಿ ಬೆಳಿಗ್ಗೆ ಎಂಟು. ಅಲ್ಲಿಂದಲೇ ವಿಡಿಯೋ ಹಚ್ಚಿ. ಅಜ್ಜಿಗೂ ಹೇಳಿದ್ದೇನೆ, ಹೊಲದಲ್ಲಿ ಕೂತು ಉಣ್ಣೋ ಹಬ್ಬ ನೋಡಬೇಕಂತೆ.

ವೈನಿ, ಊರ ಕಡೆಯಿಂದ ಯಾರಾದರೂ ಈ ಕಡೆ ಬರೋರಿದ್ದರೆ ಶೇಂಗಾ ಹಿಂಡಿ, ಹೊಸ ತೊಗರಿ ಬೇಳೆ ಕಳಿಸು. ಜೋಳದ ಹಿಟ್ಟು ಬೇಡ, ಇಲ್ಲಿ ಬರೋದರೊಳಗೆ ಜಿಗಿ ಹೋಗುತ್ತದೆ. ಅಪ್ಪ, ಬಿ.ಪಿ. ಗುಳಿಗೆ ತಪ್ಪಿಸಬೇಡಿ. ಅಣ್ಣಾ, ಹಿಡಿಕೆ ಹಾಕಿಸಿದ ಮೇಲೆ ಫೋಟೋ ಕಳಿಸು.

ನಿಮ್ಮ ಮಗಳು