ತೋಟದಿಂದ ಓಡಿ ಬಂದ ಅಣ್ಣನಿಗೆ

ಶೃಂಗೇರಿ ಹತ್ತಿರ, ತುಂಗೆ ಸೇರುವ ಹಳ್ಳದಲ್ಲಿ ನಾವು ಸ್ವಯಂಸೇವಕರು ಮೀನು ಎಣಿಸುತ್ತಿದ್ದೆವು. ಹಿಡಿದು, ಜಾತಿ ಗುರುತಿಸಿ, ಉದ್ದ ಅಳೆದು ಮತ್ತೆ ನೀರಿಗೆ ಬಿಡುವ ಕೆಲಸ. ನಮ್ಮ ತಲೆ ಮೇಲೆ ಮಳೆಯೇ ಇರಲಿಲ್ಲ.

“ಮೇಲೆ ಗುಡ್ಡದಲ್ಲಿ ಹೊಯ್ತಾ ಇದೆ, ಎದ್ದು ಬನ್ನಿ!” ಎಂದು ಕೂಗುತ್ತಾ ನೀವು ಬಂದಿರಿ. ಅಷ್ಟರಲ್ಲಿ ನೀರು ಕೆಂಪಾಗಿತ್ತು. ಕಲ್ಲುಗಳ ನಡುವೆ ನನ್ನ ಕಾಲು ಸಿಕ್ಕಿಕೊಂಡಿತ್ತು. ನೀವು ಸೊಂಟದವರೆಗೆ ಇಳಿದು, ಉದ್ದನೆಯ ದೋಟಿ ಕೋಲು ಚಾಚಿ ಎಳೆದುಕೊಂಡಿರಿ.

ದಡದಲ್ಲಿ ಸಂಚಿಯಿಂದ ಸುಣ್ಣ ತೆಗೆದು ನನ್ನ ಕಾಲಿಗೆ ಕಚ್ಚಿದ್ದ ಇಂಬಳಗಳಿಗೆ (ಜಿಗಣೆಗಳಿಗೆ) ಹಚ್ಚಿದಿರಿ. ಆಮೇಲೆ ನಮ್ಮ ಬಕೆಟ್ ನೋಡಿದಿರಿ. ಅಳೆಯದ ಮೀನು ಇನ್ನೂ ಇದ್ದವು, ಕಲ್ಲಿಗೆ ಅಂಟುವ ಸಣ್ಣವೇ ಜಾಸ್ತಿ. ನೀವು ಸುಮ್ನೆ ಸುರಿದುಬಿಡಲಿಲ್ಲ. ಸೆಳವಿಲ್ಲದ ಮೂಲೆಯಲ್ಲಿ ಬಕೆಟ್ ಓರೆ ಮಾಡಿ, ಅವು ತಾವಾಗಿ ಹೋಗುವವರೆಗೆ ಹಿಡಿದು ಕೂತಿರಿ. ನನ್ನ ನಡುಕ ನಿಂತಿದ್ದು ಆಗಲೇ.

ಹೆಸರು ಕೇಳುವ ಮೊದಲೇ ಹೊರಟುಬಿಟ್ಟಿರಿ. ತುಂಬಾ ಥ್ಯಾಂಕ್ಸ್, ಅಣ್ಣ.