ಪುಟ್ಟಿಗೆ, ಕಾಡಿಂದ ಬಂದ ಮೇಲೆ

ಪುಟ್ಟೀ,

ತಲೆಗೆ ಗೋಧಿ ತೆನೆ ಸುತ್ತಿಕೊಂಡು ನಿಂತ ನನ್ನ ಫೋಟೋ ನೋಡಿ "ಅಮ್ಮಾ, ಏನಿದು ವೇಷ?" ಅಂತ ಕೇಳಿದ್ದೆ. ಅಜ್ಜಿ ಅಂತೂ ನಿನ್ನ ಮೊಬೈಲಿಗೇ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳಂತೆ. ಬಿದ್ದು ಬಿದ್ದು ನಕ್ಕೆ. ಮಗಳು ಇಂಗ್ಲೆಂಡಿಗೆ ಹೋಗಿ ಮಾಟಗಾತಿಯರ ಜೊತೆ ಸೇರಿಬಿಟ್ಟಳು ಅಂತ ಅವಳ ಚಿಂತೆ. ನೈಟ್ ಡ್ಯೂಟಿ ಮುಗಿಸಿ ಬಂದಿದ್ದೇನೆ, ನಿದ್ದೆ ಹತ್ತುತ್ತಿಲ್ಲ. ಕೂತು ಎಲ್ಲ ಬರೆದುಬಿಡುತ್ತೇನೆ. ಅಜ್ಜಿಗೂ ಓದಿ ಹೇಳು. ಕೊನೆಯ ಭಾಗ ಓದಬೇಕೋ ಬೇಡವೋ ನೀನೇ ನೋಡಿಕೋ.

ನಮ್ಮ ವಾರ್ಡಿನಲ್ಲಿ ಒಬ್ಬಾಕೆ ಇದ್ದಾಳೆ, ಅರವತ್ತರ ಹತ್ತಿರದವಳು. ಕ್ರಿಸ್ಮಸ್ ದಿನ ರಜೆ ಬೇಕು ಅಂತ ಒಂದು ವರ್ಷವೂ ಕೇಳಿದವಳಲ್ಲ. ಯಾಕೆ ಅಂದಿದ್ದಕ್ಕೆ, "ನಾನು ಪೇಗನ್. ನನ್ನ ಹಬ್ಬ ಡಿಸೆಂಬರ್ 21ಕ್ಕೇ ಮುಗಿದಿರುತ್ತೆ" ಅಂದಳು. ಪೇಗನ್ ಅಂದರೆ ಕ್ರೈಸ್ತ ಧರ್ಮಕ್ಕೂ ಹಿಂದಿನ ಪ್ರಕೃತಿ ಪೂಜೆಯನ್ನು ಈಗ ಹೊಸದಾಗಿ ಹಿಡಿದವರು. ವರ್ಷದ ಅತಿ ಉದ್ದದ ರಾತ್ರಿ ಅವರಿಗೆ ಹಬ್ಬ. ಹಾಗೆ ವರ್ಷಕ್ಕೆ ಎಂಟು. ಆಗಸ್ಟ್ 1ರದ್ದು ಲಾಮಸ್, ಮೊದಲ ಪೈರಿನ ಹಬ್ಬ. ಅದಕ್ಕೆ ಕಾಡಲ್ಲಿ ಎರಡು ರಾತ್ರಿ ಇರುತ್ತೇವೆ, ಬರ್ತೀಯಾ ಅಂತ ಕರೆದಳು. ಕಾಡು ಅಂದರೆ ನಾನು ಬಿಡುತ್ತೇನಾ? ಹೊರಟೆ.

ಜಾಗ ಗ್ಲಾಸ್ಟರ್‌ಶೈರ್‌ನ ಫಾರೆಸ್ಟ್ ಆಫ್ ಡೀನ್ ಕಡೆ. ಅರವತ್ತು ಜನ ಇದ್ದೆವೇನೋ. ಶುಕ್ರವಾರ ಸಂಜೆ ಟೆಂಟ್ ಹಾಕುವಾಗಲೇ ಮಳೆ ಶುರು. ದಾರಿ ಪಕ್ಕದಲ್ಲಿ ನೆಲ ಉತ್ತಿಟ್ಟ ಹಾಗೆ ಎದ್ದಿತ್ತು. ನೋಡಿದ ಕೂಡಲೇ "ಹಂದಿ" ಅಂದೆ. ಹೌದಂತೆ, ಆ ಕಾಡಲ್ಲಿ ಕಾಡುಹಂದಿ ಇವೆ. ಅವರಿಗೆ ಅದೇ ದೊಡ್ಡ ಸಂಭ್ರಮ, ಟಾರ್ಚ್ ಹಿಡಿದು ಹುಡುಕಲು ಹೊರಟರು. ನಮ್ಮ ಗದ್ದೆ ಹಂದಿ ಪಾಲಾದ ವರ್ಷ ನಿನ್ನ ಮಾವ ಏನೇನು ಬೈದಿದ್ದ ಅಂತ ನೆನೆಸಿಕೊಂಡು ನಾನು ಟೆಂಟೊಳಗೇ ಉಳಿದೆ.

ಮಾಟ ಇರಲಿಲ್ಲ. ಕೋಳಿ ಕುಯ್ಯಲಿಲ್ಲ. ಬಟ್ಟೆ ಬಿಚ್ಚಿ ಯಾರೂ ಕುಣಿಯಲಿಲ್ಲ. ಹಾಗೆ ಪೂಜೆ ಮಾಡುವ ಗುಂಪುಗಳೂ ಇವೆಯಂತೆ, ಅಲ್ಲಿ ಇರಲಿಲ್ಲ. ಹೋದ ಕೂಡಲೇ ಹೇಳಿದ ನಿಯಮ ಒಂದೇ: ಕೇಳದೆ ಯಾರ ಫೋಟೋನೂ ತೆಗೆಯಬೇಡಿ. ಆಫೀಸಿನಲ್ಲಿ, ಮನೆಯಲ್ಲಿ ಗೊತ್ತಿಲ್ಲದೆ ಬಂದವರು ಸುಮಾರು ಜನ ಇದ್ದರು. 2021ರ ಜನಗಣತಿಯಲ್ಲಿ ಇಂಗ್ಲೆಂಡ್, ವೇಲ್ಸ್ ಸೇರಿ 74 ಸಾವಿರ ಮಂದಿ ತಮ್ಮ ಧರ್ಮ ಪೇಗನ್ ಅಂತ ಬರೆಸಿದ್ದಾರೆ. ಬರೆಸದವರೂ ಇರುತ್ತಾರಲ್ವಾ? ಆ ಹೆಸರು ಲ್ಯಾಟಿನ್‌ನಿಂದ ಬಂದದ್ದು. ಮೂಲದಲ್ಲಿ ಹಳ್ಳಿಯವನು ಅಂತ ಅರ್ಥ. ಅಜ್ಜಿಗೆ ಇದನ್ನು ಮಾತ್ರ ಮರೆಯದೆ ಹೇಳು.

ಶನಿವಾರ ಮಧ್ಯಾಹ್ನ ಗೋಧಿ ಹುಲ್ಲಿನ ಗೊಂಬೆ ಹೆಣೆಯುವುದು ಕಲಿಸಿದರು. ಕಾರ್ನ್ ಡಾಲಿ ಅನ್ನುತ್ತಾರೆ, ಆದರೆ ಗೊಂಬೆಯ ಹಾಗೇನೂ ಕಾಣಲ್ಲ. ತೆನೆ ಸಮೇತ ಐದು ಕಡ್ಡಿ ತಗೊಂಡು, ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ, ಒಂದರ ಮೇಲೊಂದು ಮಡಚುತ್ತಾ ತಿರುಗಿಸುತ್ತಾ ಹೋಗಬೇಕು. ಹುರಿಹಗ್ಗದ ಹಾಗೆ ಸುರುಳಿಯಾಗಿ ಏಳುತ್ತೆ. ಕಡ್ಡಿ ಒಣಗಿದ್ದರೆ ಟಪ್ ಅಂತ ಮುರಿಯುತ್ತೆ. ಪಕ್ಕದವರದ್ದೆಲ್ಲ ಮುರಿಯುತ್ತಿತ್ತು. ಹದಿನೈದು ವರ್ಷ ನಿನ್ನ ಜಡೆ ಹೆಣೆದ ಕೈ, ನನಗೆ ಸಲೀಸಾಗಿ ಬಂತು. ನಮ್ಮಲ್ಲಿ ಭತ್ತದ ತೋರಣ ಅಂತ ಮಾಡಿ ಬಾಗಿಲಿಗೆ ಕಟ್ಟುತ್ತೇವೆ ಅಂದೆ. ಎಲ್ಲರೂ ಸುತ್ತ ಸೇರಿಬಿಟ್ಟರು.

ಸಂಜೆ ಬೆಂಕಿ ಸುತ್ತ ವೃತ್ತವಾಗಿ ನಿಂತೆವು. ನಾಲ್ವರು ನಾಲ್ಕು ದಿಕ್ಕಿಗೆ ಮುಖ ಮಾಡಿ ಕೂಗಿ ಕರೆದರು. ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು. ನಮ್ಮ ಅಗ್ನಿ ಆಗ್ನೇಯದವನು, ವಾಯು ವಾಯವ್ಯದವನು. ವರುಣ ಒಬ್ಬ ಮಾತ್ರ ಎರಡೂ ಕಡೆ ಪಶ್ಚಿಮದಲ್ಲೇ ಇದ್ದಾನೆ. ವೃತ್ತದೊಳಗೆ ಸೂರ್ಯ ಹೋಗುವ ದಿಕ್ಕಿನಲ್ಲೇ ನಡೆಯಬೇಕು, ತಿರುಗುಮುರುಗಾದರೆ ಮಾಡಿದ್ದು ಬಿಚ್ಚಿಹೋಗುತ್ತೆ ಅಂತ ನಂಬಿಕೆ. ನನಗೆ ಯಾರೂ ಹೇಳಿರಲಿಲ್ಲ. ಕಾಲು ತಾನಾಗಿ ಪ್ರದಕ್ಷಿಣೆಯ ದಿಕ್ಕಿಗೇ ಹೋಯಿತು.

ಎಲ್ಲಾ ಚಂದವಿತ್ತು ಅಂತಲ್ಲ. ಸಾರಿಗೆ ಉಪ್ಪಿರಲಿಲ್ಲ. ಡೋಲು ರಾತ್ರಿ ಎರಡರ ತನಕ ಬಡಿದರು. ಒಬ್ಬ ಮಹಾನುಭಾವ ಮೂಲಾಧಾರ ಚಕ್ರದ ಬಗ್ಗೆ ನನಗೇ ಮುಕ್ಕಾಲು ಗಂಟೆ ಪಾಠ ಮಾಡಿದ. ಇನ್ನು "ಪುರಾತನ, ಪುರಾತನ" ಅನ್ನುವುದು ಸ್ವಲ್ಪ ಜಾಸ್ತಿಯೇ. ಇಲ್ಲಿನ ಹಳೇ ಮಾಟದ ಕಾಯ್ದೆ ರದ್ದಾಗಿದ್ದು 1951ರಲ್ಲಿ. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಅನ್ನುವವನು, ಮಲಯಾದಲ್ಲಿ ಕಸ್ಟಮ್ಸ್ ಕೆಲಸ ಮಾಡಿ ರಿಟೈರ್ ಆದವನು, ಇದು ಗುಟ್ಟಾಗಿ ಉಳಿದುಬಂದ ಹಳೇ ಧರ್ಮ ಅಂತ ಪುಸ್ತಕ ಬರೆದ. ಇತಿಹಾಸ ಬಲ್ಲವರು ಅದನ್ನು ಒಪ್ಪುವುದಿಲ್ಲ. ಈ ವಿಧಿಗಳಲ್ಲಿ ಬಹುಪಾಲು ನಿನ್ನ ಅಜ್ಜಿಯ ವಯಸ್ಸಿನವು. ನನ್ನ ಗೆಳತಿಗೂ ಗೊತ್ತು. "ಇರಲಿ ಬಿಡು, ಈ ಕಾಡೂ ಹಾಗೇ" ಅಂದಳು. 1802ರಲ್ಲಿ ನೆಲ್ಸನ್ ಅನ್ನುವ ಅಡ್ಮಿರಲ್ ಇಲ್ಲಿಗೆ ಬಂದು, ಯುದ್ಧದ ಹಡಗಿಗೆ ಮರ ಸಾಲದು ಅಂತ ಬರೆದನಂತೆ. ಆಮೇಲೆ ಸಾಲುಸಾಲಾಗಿ ಓಕ್ ನೆಡಿಸಿದರು. ಮರ ಬಲಿಯುವ ಹೊತ್ತಿಗೆ ಹಡಗು ಕಬ್ಬಿಣದ್ದಾಗಿತ್ತು. ಹಾಗೆ ಉಳಿದವು.

ಈಗ ನಾನು ನಿಜವಾಗಿ ಬರೆಯಬೇಕೆಂದಿದ್ದ ವಿಷಯ.

ಹೊಸ ಗೋಧಿಯ ರೊಟ್ಟಿ, ತೆನೆಯ ಆಕಾರದಲ್ಲಿ ಬೇಯಿಸಿದ್ದು, ವೃತ್ತದೊಳಗೆ ಬಂತು. ಪೂಜೆ ನಡೆಸುತ್ತಿದ್ದವಳು ಹೆಂಗಸು. ರೊಟ್ಟಿ ಹೊತ್ತು ತಂದದ್ದು ನಿನ್ನದೇ ವಯಸ್ಸಿನ ಹುಡುಗಿ. ಶಾಲು ಹೊದ್ದಿದ್ದಳು. ಅದರೊಳಗೆ ಹೊಟ್ಟೆ ಹತ್ತಿರ ಏನೋ ಉಬ್ಬಿತ್ತು. ನೋಡಿದರೆ ಬಿಸಿನೀರಿನ ಚೀಲ. ನನ್ನ ಪಕ್ಕ ನಿಂತಿದ್ದ ಅವಳ ಅಮ್ಮ, "ಪೀರಿಯಡ್ಸ್, ಬೆಳಗಿನಿಂದ ಒದ್ದಾಡುತ್ತಿದ್ದಾಳೆ, ಪಾಪ" ಅಂದಳು. ಅಷ್ಟೇ. ಮೊದಲ ತುಂಡು ಬೆಂಕಿಗೆ ಹೋಯಿತು, ಭೂಮಿ ಹುಣ್ಣಿಮೆ ದಿನ ನಾವು ಮೊದಲು ಗದ್ದೆಗೆ ಬೀರುವ ಹಾಗೆ. ಎರಡನೇದು ಮುರಿದು ಆ ಹುಡುಗಿ ನನ್ನ ಕೈಗಿಟ್ಟಳು. "ನಿಮಗೆ ಎಂದೂ ಹಸಿವಾಗದಿರಲಿ" ಅಂದಳು. ಅದು ಅಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು. ನನಗೆ ಗಂಟಲು ಕಟ್ಟಿತು.

ಅದೇ ವಾರ ನಾಗರಪಂಚಮಿ. ನೀನು ಫೋನಲ್ಲಿ ಹೇಳಿದ್ದೆಯಲ್ಲ, ಮಳೆಯಲ್ಲಿ ಛತ್ರಿ ಹಿಡಿದು ಬನದ ಗೇಟಿನ ಹೊರಗೆ ನಿಂತಿದ್ದೆ ಅಂತ. ಎರಡನೇ ದಿನ, ಅದಕ್ಕೆ ಅಂದೆ. ಆಮೇಲೆ ಕಾಲೇಜಿನ ಸುದ್ದಿಗೆ ಹೋದೆ. ನಾನೂ "ಹ್ಞೂಂ" ಅಂದು ಸುಮ್ಮನಾದೆ. ನನ್ನನ್ನು ಅಲ್ಲಿ ಮೊದಲ ಸಲ ನಿಲ್ಲಿಸಿದಾಗ ನನಗೆ ಹದಿನಾಲ್ಕು. ಒಳಗೆ ನಾಗರ ಕಲ್ಲಿನ ಪಕ್ಕ ಇರುವವಳು ಚೌಡಿ, ಹೆಣ್ಣು. ಅಷ್ಟು ದಿನದಿಂದ ಅದು ನನ್ನ ತಲೆಗೇ ಹೋಗಿರಲಿಲ್ಲ ನೋಡು.

ಆ ರಾತ್ರಿ ಅವರೆಲ್ಲ ನಮ್ಮ ಬನದ ಬಗ್ಗೆ ಕೇಳಿದರು. ಒಂದು ಕಡ್ಡಿಯನ್ನೂ ಮುರಿಯುವಂತಿಲ್ಲ, ಬಿದ್ದ ಮರವನ್ನೂ ತರುವಂತಿಲ್ಲ, ಅದಕ್ಕೇ ಸುತ್ತ ಎಲ್ಲ ತೋಟವಾದರೂ ಬನ ಉಳಿದಿದೆ ಅಂತ ಹೇಳಿದೆ. ಬಾಯಿ ಬಿಟ್ಟು ಕೇಳಿದರು. ನಾವು ಹೊಸದಾಗಿ ಕಟ್ಟಿಕೊಳ್ಳುತ್ತಿರುವುದು ನಿಮಗೆ ಹುಟ್ಟಿನಿಂದಲೇ ಸಿಕ್ಕಿದೆ, ಪುಣ್ಯವಂತರು ಅಂದರು. ನನಗೆ ಹೆಮ್ಮೆಯೂ ಆಯಿತು, ಸುಳ್ಳಲ್ಲ. ಗೇಟಿನ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಬಂದಾಗಿನಿಂದ ಅದೇ ಕೊರೆಯುತ್ತಿದೆ.

ಹೆಣೆದ ಗೋಧಿ ತೆನೆಯನ್ನು ರೂಮಿನ ಬಾಗಿಲ ಮೇಲೆ ಕಟ್ಟಿದ್ದೇನೆ. ದೀಪಾವಳಿಗೆ ಹತ್ತು ದಿನ ರಜೆ ಸಿಕ್ಕಿದೆ. ಬಂದ ಮಾರನೇ ದಿನವೇ ಇಬ್ಬರೂ ಬನಕ್ಕೆ ಹೋಗೋಣ. ಅವತ್ತು ಎಷ್ಟನೇ ದಿನ ಅಂತ ನಾನು ಕೇಳುವುದಿಲ್ಲ, ನೀನೂ ಹೇಳಬೇಡ. ಅಜ್ಜಿ ಕೇಳಿದರೆ ಉತ್ತರ ನಾನು ಕೊಡುತ್ತೇನೆ. ನೀನು ಸುಮ್ನೆ ಹಾಲಿನ ಚೊಂಬು ಹಿಡಿದುಕೊಂಡು ಬಾ.

ನಿನ್ನ
ಅಮ್ಮ