ಎಷ್ಟು ಜನ, ಎಷ್ಟು ದಿನ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಬಂದ ‘ವೀರ ಸಂಸ್ಕೃತಿ’ ಲೇಖನವನ್ನು ಎರಡು ಸಲ ಓದಿದೆ. ಸಾವಿಗೆ ಅಂಜದ ಜನರೇ ಯುದ್ಧ ಗೆಲ್ಲುವುದು, ಜಪಾನಿನ ಸಮುರಾಯ್ ಪರಂಪರೆಯೇ ಅದಕ್ಕೆ ಸಾಕ್ಷಿ ಎಂದು ಲೇಖಕರು ಬರೆದಿದ್ದಾರೆ. ಒಂದು ಸಮಾಜ ಯಾವುದನ್ನು ದೊಡ್ಡದೆಂದು ಎಣಿಸುತ್ತದೋ ಅದು ರಣರಂಗದಲ್ಲಿ ಕಾಣುತ್ತದೆ, ಅದು ಸರಿ. ಆದರೆ ಅವರು ಕರೆತಂದ ಸಾಕ್ಷಿ ಎದುರು ಪಕ್ಷದ ಪರವಾಗಿ ಹೇಳಿಕೆ ಕೊಡುತ್ತದೆ.

ನಾನು 26 ವರ್ಷ ಸೇನೆಯಲ್ಲಿದ್ದವನು. ಆದರೆ ಆರ್ಮಿ ಸರ್ವಿಸ್ ಕೋರ್‌ನಲ್ಲಿ. ಅಂದರೆ ಅಕ್ಕಿ, ಹಿಟ್ಟು, ಬೇಳೆ, ಎಣ್ಣೆ, ಡೀಸೆಲ್. ನನಗೆ ಹೆಣ್ಣು ನೋಡಲು ಹೋದಾಗ ಅವರ ಕಡೆಯ ಹಿರಿಯರೊಬ್ಬರು, ‘ಹುಡುಗ ಮಿಲಿಟರಿ ಅಂತೀರಿ, ಅಲ್ಲಿ ಅಕ್ಕಿ ಅಳೀತಾನಂತಲ್ಲ’ ಎಂದು ಕೇಳಿದ್ದರು. ಮನೆಗೊಬ್ಬ ಫೌಜಿ ಇರುವ ಕೊಡಗಿನಲ್ಲಿ ಇದು ಸಣ್ಣ ಮಾತಲ್ಲ. ಆಗ ಮುಖ ಸಣ್ಣದಾಗಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ನಾಗಾಲ್ಯಾಂಡಿನ ದೀಮಾಪುರಕ್ಕೆ ಪೋಸ್ಟಿಂಗ್ ಆದ ಮೇಲೆ.

ದೀಮಾಪುರದಿಂದ ಕೊಹಿಮಾಕ್ಕೆ ನಮ್ಮ ಕಾನ್ವಾಯ್ ಹೋಗುತ್ತಿತ್ತು. ಒಂದು ದಿನ ಲಾರಿ ಇಳಿಸುವುದು ಬೇಗ ಮುಗಿದು, ನಮ್ಮ ಕ್ಯಾಪ್ಟನ್ ಸಾಹೇಬರು ಎಲ್ಲರನ್ನೂ ಅಲ್ಲಿನ ಯುದ್ಧ ಸ್ಮಶಾನಕ್ಕೆ ಕರೆದುಕೊಂಡು ಹೋದರು. 1944ರ ಏಪ್ರಿಲ್‌ನಲ್ಲಿ ಎರಡನೇ ಮಹಾಯುದ್ಧ ನಡೆಯುವಾಗ ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಕೋರ್ಟಿನ ಒಂದು ಬದಿಗೆ ಜಪಾನಿಯರು, ಇನ್ನೊಂದು ಬದಿಗೆ ಬ್ರಿಟಿಷ್-ಭಾರತೀಯ ಪಡೆ ಕೂತು ಕೈಬಾಂಬ್ ಎಸೆದಾಡಿದ ಜಾಗ ಅದು. ಕೋರ್ಟಿನ ಗೆರೆಗಳನ್ನು ಈಗಲೂ ಸಿಮೆಂಟಿನಲ್ಲಿ ಉಳಿಸಿದ್ದಾರೆ. ಎಲ್ಲರೂ ಅದನ್ನೇ ನೋಡುತ್ತಿದ್ದರೆ ಸಾಹೇಬರು ಪಕ್ಕದ ಗುಡ್ಡಗಳತ್ತ ಕೈ ತೋರಿಸಿ ಹೆಸರು ಹೇಳಿದರು: ಜಿಪಿಟಿ ರಿಡ್ಜ್, ಎಫ್‌ಎಸ್‌ಡಿ, ಡಿಐಎಸ್. ನಮಗೆ ನಗು ಬಂತು. ಜಿಪಿಟಿ ಎಂದರೆ ಲಾರಿಯವರು. ಎಫ್‌ಎಸ್‌ಡಿ ಎಂದರೆ ಫೀಲ್ಡ್ ಸಪ್ಲೈ ಡಿಪೋ, ನಮ್ಮದೇ ಗೋದಾಮು. ಡಿಐಎಸ್ ಎಂದರೆ ರೇಷನ್ ಹಂಚುವ ಜಾಗ. ಆ ಗುಡ್ಡದ ಮೇಲಿನ ಬೇಕರಿಯ ಇಟ್ಟಿಗೆ ಒಲೆಗಳೊಳಗೆ ಜಪಾನಿ ಸೈನಿಕರು ಅಡಗಿ ಕೂತಿದ್ದರಂತೆ. ಎಲ್ಲರೂ ಕೊಂಡಾಡುವ ಆ ಕದನ ನಡೆದದ್ದು ಅಕ್ಕಿ ಅಳೆಯುವವರ ಅಂಗಳದಲ್ಲಿ. ಮುತ್ತಿಗೆಗೆ ಸಿಕ್ಕಿದ ಸುಮಾರು 2,500 ಜನರಲ್ಲಿ ಸಾವಿರದಷ್ಟು ಮಂದಿ ಕಾದಾಡಲು ಬಂದವರೇ ಅಲ್ಲ.

ಎದುರಿಗಿದ್ದವರ ಧೈರ್ಯದ ಬಗ್ಗೆ ನನ್ನದು ಎರಡು ಮಾತಿಲ್ಲ. ಸೆರೆ ಸಿಕ್ಕುವ ಅವಮಾನಕ್ಕಿಂತ ಸಾವೇ ಮೇಲು ಎಂದು 1941ರಲ್ಲೇ ಅವರ ಸೇನೆಗೆ ಲಿಖಿತ ಸಂಹಿತೆ ಇತ್ತು, ಅದರಂತೆಯೇ ಸತ್ತರು. ಆದರೆ ಅದೇ ಸೇನೆಯಲ್ಲಿ ಇನ್ನೊಂದು ಹಳೆಯ ಚುಟುಕವೂ ಓಡಾಡುತ್ತಿತ್ತು: ಸಾಮಾನು ಸಾಗಿಸುವವನೂ ಸೈನಿಕನಾದರೆ ಚಿಟ್ಟೆ, ಏರೋಪ್ಲೇನ್ ಚಿಟ್ಟೆಯೂ ಹಕ್ಕಿಯೇ ಸರಿ! ನನ್ನ ಹೆಣ್ಣು ನೋಡುವ ಶಾಸ್ತ್ರದ ಮಾತಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಸಪ್ಲೈನವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಜನ, ಎಷ್ಟು ದಿನ? ಬರ್ಮಾ ಕಡೆಯಿಂದ ಮಣಿಪುರದ ಇಂಫಾಲ್ ಮತ್ತು ಕೊಹಿಮಾ ಮೇಲೆ ಏರಿಬಂದ ಜಪಾನಿನ 15ನೇ ಸೇನೆಯಲ್ಲಿ ಸುಮಾರು 85,000 ಜನ. ತಲೆಗೆ ಅರ್ಧ ಕಿಲೋ ಅಕ್ಕಿ ಹಿಡಿದರೂ ದಿನಕ್ಕೆ 42 ಟನ್ನು. ಮೂರು ಟನ್ನಿನ ಲಾರಿಯಲ್ಲಿ 14 ಲೋಡು, ಬರೀ ಅಕ್ಕಿಗೆ. ದಾರಿಯೋ, ಚಿಂದ್ವಿನ್ ನದಿ ದಾಟಿ ಬೆಟ್ಟದ ಮೇಲೆ ಬೆಟ್ಟ. ಅವರು ಹೊತ್ತುಕೊಂಡಿದ್ದು ಸುಮಾರು ಮೂರು ವಾರದ ರೇಷನ್. ಅಷ್ಟರಲ್ಲಿ ಇಂಫಾಲ್ ಬೀಳುತ್ತದೆ, ಅಲ್ಲಿನ ಗೋದಾಮಿನಲ್ಲಿ ಉಂಡರಾಯಿತು ಎಂಬ ಲೆಕ್ಕ. ಮಲಯ, ಸಿಂಗಾಪುರಗಳಲ್ಲಿ ಹಾಗೇ ಆಗಿತ್ತು. ಕೈಗೆ ಸಿಕ್ಕ ಬ್ರಿಟಿಷ್ ದಾಸ್ತಾನಿಗೆ ಅವರು ‘ಚರ್ಚಿಲ್ ರೇಷನ್’ ಎಂದೇ ಹೆಸರಿಟ್ಟಿದ್ದರು. ಈ ಸೇನೆಯ ದಂಡನಾಯಕ ಮುತಾಗುಚಿ ಸಿಂಗಾಪುರದಲ್ಲೂ ಇದ್ದವರು. ಈ ಸಲ ಮಾಂಸಕ್ಕೆಂದು ದನಗಳನ್ನೂ ಹೊಡೆದುಕೊಂಡು ಹೊರಟರು. ಎಷ್ಟೋ ದನ ಹೊಳೆಯಲ್ಲೇ ಕೊಚ್ಚಿಹೋದವು, ಉಳಿದವು ಬೆಟ್ಟ ಹತ್ತಲಿಲ್ಲ. ದನ ಸಾಕಿದ ಯಾವ ಮಲೆನಾಡಿನವನನ್ನು ಕೇಳಿದ್ದರೂ ಹೇಳುತ್ತಿದ್ದ.

ಹೇಳಿದವರು ಇರಲಿಲ್ಲವೇ? ಇದ್ದರು. ಮುತಾಗುಚಿಯ ಸೇನಾ ಕಚೇರಿಯ ಮುಖ್ಯಸ್ಥ ಒಬಾತಾ ಸ್ವತಃ ಸಾಗಣೆ ವಿಭಾಗದಿಂದ ಬಂದ ಅಧಿಕಾರಿ. ಇದು ಆಗುವ ಕೆಲಸವಲ್ಲ ಎಂದರು. 1943ರಲ್ಲೇ ಅವರನ್ನು ಎತ್ತಂಗಡಿ ಮಾಡಿದರು. ಕೊಹಿಮಾದಲ್ಲಿದ್ದ 31ನೇ ಡಿವಿಷನ್ನಿನ ಕಮಾಂಡರ್ ಸಾತೊ ಅನ್ನವಿಲ್ಲ, ಗುಂಡಿಲ್ಲ ಎಂದು ತಂತಿ ಕಳಿಸಿ ಕಳಿಸಿ, ಕೊನೆಗೆ ಜೂನ್ ಹೊತ್ತಿಗೆ ಅಪ್ಪಣೆಯಿಲ್ಲದೆ ತನ್ನ ಜನರನ್ನು ಹಿಂದಕ್ಕೆ ಕರೆದುಕೊಂಡರು. ನನ್ನನ್ನು ಕೋರ್ಟ್ ಮಾರ್ಷಲ್ ಮಾಡಿ, ಎಲ್ಲವನ್ನೂ ಅಲ್ಲೇ ಹೇಳುತ್ತೇನೆ ಎಂದರೆ, ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಷರಾ ಬರೆದು ಮುಗಿಸಿದರು. ಸಾತೊ ಸೇರಿ ಮೂವರು ಡಿವಿಷನ್ ಕಮಾಂಡರುಗಳ ಕುರ್ಚಿ ಹೋಯಿತು.

ನನಗೆ ಮರೆಯಲಾಗದ್ದು ಜೂನ್ 6ರ ಭೇಟಿ. ಮುತಾಗುಚಿಯನ್ನು ನೋಡಲು ಅವರ ಮೇಲಧಿಕಾರಿ ಕವಾಬೆ ಬಂದಿದ್ದರು. ದಂಡಯಾತ್ರೆ ಮುಗಿದುಹೋಗಿದೆ ಎಂದು ಇಬ್ಬರಿಗೂ ಗೊತ್ತು. ‘ನಿಲ್ಲಿಸೋಣ’ ಎಂಬ ಮಾತು ಗಂಟಲವರೆಗೆ ಬಂದಿತ್ತು, ನನ್ನ ಮುಖ ನೋಡಿ ಅವರೇ ಅರ್ಥ ಮಾಡಿಕೊಳ್ಳಲಿ ಎಂದುಕೊಂಡೆ ಎಂದು ಮುತಾಗುಚಿ ಆಮೇಲೆ ಒಪ್ಪಿಕೊಂಡಿದ್ದಾರೆ. ಕವಾಬೆಯೂ ಕೇಳಲಿಲ್ಲ. ಹಿಂದೆ ಸರಿಯುವ ಆಜ್ಞೆ ಹೊರಟದ್ದು ಜುಲೈನಲ್ಲಿ. ಆ ಒಂದು ತಿಂಗಳು ಮಳೆಗಾಲ, ಮಲೇರಿಯಾ, ಆಮಶಂಕೆ. ಸತ್ತ ಸುಮಾರು 30,000 ಜನರಲ್ಲಿ ಹೆಚ್ಚಿನವರನ್ನು ಕೊಂದದ್ದು ಹಸಿವು ಮತ್ತು ರೋಗ. ಅವರು ಹಿಂದಿರುಗಿದ ದಾರಿಗೆ ಜಪಾನಿಯರೇ ಇಟ್ಟ ಹೆಸರು ಎಲುಬಿನ ಹಾದಿ. ನೇತಾಜಿಯವರ ಆಜಾದ್ ಹಿಂದ್ ಫೌಜಿನ ನಮ್ಮ ಜನವೂ ಅದೇ ಕಾಡಿನಲ್ಲಿ ಅದೇ ಹಸಿವು ಉಂಡರು. ಲೇಖನದಲ್ಲಿ ಅವರ ಹೊಟ್ಟೆಯ ಪಾಡು ಒಂದು ಸಾಲಿಗೂ ಬಂದಿಲ್ಲ.

ಬ್ರಿಟಿಷರು ದೊಡ್ಡ ಮನುಷ್ಯರು ಎಂದು ನಾನು ಹೇಳುತ್ತಿಲ್ಲ. ಜಪಾನಿಯರಿಗೆ ಕಣ್ಣು ಮಂದ, ಅವರೇನು ವಿಮಾನ ಹಾರಿಸಿಯಾರು ಎಂಬ ಬಿಳಿತೊಗಲಿನ ಸೊಕ್ಕಿನಲ್ಲೇ ಅವರು 1942ರಲ್ಲಿ ಸಿಂಗಾಪುರ ಕಳೆದುಕೊಂಡದ್ದು. 1943ರಲ್ಲಿ ಬಂಗಾಳದಲ್ಲಿ ಲಕ್ಷಲಕ್ಷ ಜನ ಅನ್ನವಿಲ್ಲದೆ ಬೀದಿಯಲ್ಲಿ ಸಾಯುವಾಗ ಅವರ ಲೆಕ್ಕದ ಪುಸ್ತಕ ಮುಚ್ಚಿಯೇ ಇತ್ತು. ಆದರೆ ಸೋತ ಸೇನೆಯನ್ನು ರಿಪೇರಿ ಮಾಡಲು ಬಂದ ಬ್ರಿಟಿಷ್ ಜನರಲ್ ಸ್ಲಿಮ್ ಒಂದು ಕಾಲಕ್ಕೆ ಕಬ್ಬಿಣದ ಕೊಳವೆ ಕಂಪನಿಯಲ್ಲಿ ಗುಮಾಸ್ತರಾಗಿದ್ದವರು. ಗುಮಾಸ್ತನ ಕಣ್ಣಿಗೆ ಬೀಳುವುದೇ ಬೇರೆ. 1943ರಲ್ಲಿ ಗಾಯಗೊಂಡು ಹಿಂದಕ್ಕೆ ಬಂದ ಒಬ್ಬನಿಗೆ ಕಾಯಿಲೆ ಬಿದ್ದು ಬಂದವರು 120 ಜನ ಎಂದು ಲೆಕ್ಕ ತೆಗೆದರು. ಮಲೇರಿಯಾ ಮಾತ್ರೆ ನುಂಗಿಸದ ಮೂವರು ಕಮಾಂಡಿಂಗ್ ಆಫೀಸರುಗಳನ್ನು ಕಿತ್ತುಹಾಕಿದರು. ನಾಲ್ಕನೆಯವರನ್ನು ಕೀಳುವ ಅಗತ್ಯ ಬೀಳಲಿಲ್ಲವಂತೆ. ಸಾಮಾನು ಇಳಿಸಲು ರೇಷ್ಮೆಯ ಪ್ಯಾರಾಚೂಟ್ ಸಾಲದಾದಾಗ ಕಲ್ಕತ್ತೆಯ ಸೆಣಬಿನ ಗಿರಣಿಗಳಲ್ಲಿ ಗೋಣಿಬಟ್ಟೆಯ ಪ್ಯಾರಾಚೂಟ್ ಮಾಡಿಸಿದರು. ಬೆಲೆ 20 ಪೌಂಡಿನ ಕಡೆ ಒಂದು ಪೌಂಡು ಚಿಲ್ಲರೆ. ಜೀವಮಾನವೆಲ್ಲ ದಬ್ಬಣ ಹಿಡಿದು ಗೋಣಿ ಹೊಲಿಸಿದವನು ನಾನು; ಈ ಸಂಗತಿ ಗೊತ್ತಾದ ದಿನ ನನಗೆ ಆದ ಖುಷಿ ಪ್ರಮೋಷನ್ ಬಂದ ದಿನವೂ ಆಗಿರಲಿಲ್ಲ. ಮುತ್ತಿಗೆಯಲ್ಲಿದ್ದ ಇಂಫಾಲಿನ ಒಂದೂವರೆ ಲಕ್ಷ ಜನರಿಗೆ ಆಕಾಶದಿಂದಲೇ ಊಟ ಬಂತು. ಹೊರೆ ಹೊತ್ತು, ದಾರಿ ತೋರಿಸಿ, ಶತ್ರುವಿನ ಸುಳಿವು ಕೊಟ್ಟವರು ನಾಗಾ ಹಳ್ಳಿಯವರು. ಅವರಿಲ್ಲದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಜಪಾನಿನ ಮೇಲೆ ಬೆರಳು ತೋರಿಸಿ ನಾವು ಸುಮ್ಮನಾಗುವಂತಿಲ್ಲ. 1962ರ ಚೀನಾ ಯುದ್ಧದಲ್ಲಿ ಗಡಿಯ ನಮ್ಕಾ ಚು ಕಣಿವೆಗೆ ನಮ್ಮ ಹುಡುಗರು ಹತ್ತಿಯ ಬಟ್ಟೆ, ಕ್ಯಾನ್ವಾಸ್ ಬೂಟಿನಲ್ಲಿ ಹೋದರು. ವಿಮಾನದಿಂದ ಬಿಟ್ಟ ಸಾಮಾನು ಕೊರಕಲು ಸೇರಿತು. ಮೊದಲು ದಾಸ್ತಾನು, ಆಮೇಲೆ ಮುನ್ನಡೆ ಎಂದು ಪಟ್ಟು ಹಿಡಿದ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್ ಅವರ ಕೈಯಿಂದ ಆ ಭಾಗವನ್ನೇ ತೆಗೆದು, ಹೊಸದೊಂದು ಕೋರ್ ಕಟ್ಟಿ ಬೇರೆಯವರಿಗೆ ಒಪ್ಪಿಸಿದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಒಬಾತಾನ ಕಥೆಗೂ ಇದಕ್ಕೂ ಊರಿನ ಹೆಸರು ಮಾತ್ರ ಬೇರೆ.

ನಮ್ಮ ಜಿಲ್ಲೆಯಲ್ಲಿ ಭಾಷಣ ಮಾಡುವವರೆಲ್ಲ ಕಾರ್ಯಪ್ಪನವರ ಶಿಸ್ತು, ಶೌರ್ಯ ಹೇಳುತ್ತಾರೆ. ಬರ್ಮಾ ಯುದ್ಧದಲ್ಲಿ ಅವರು 26ನೇ ಡಿವಿಷನ್ನಿನ ಕ್ವಾರ್ಟರ್‌ಮಾಸ್ಟರ್ ಕಡೆಯ ಅಧಿಕಾರಿಯಾಗಿದ್ದರು, ಅನ್ನ-ಬಟ್ಟೆ-ಮದ್ದುಗುಂಡಿನ ಲೆಕ್ಕ ಅವರ ಮೇಜಿನ ಮೇಲಿತ್ತು ಎಂದು ಒಬ್ಬರೂ ಹೇಳಿದ್ದು ಕೇಳಿಲ್ಲ. ನನಗಾದರೂ ಹೆಣ್ಣು ನೋಡುವ ಮೊದಲೇ ಯಾರಾದರೂ ಹೇಳಿದ್ದರೆ ಉಪಯೋಗಕ್ಕೆ ಬರುತ್ತಿತ್ತು.

ಇನ್ನೊಂದು ತಿದ್ದುಪಡಿ. ಲೇಖನದ ಜೊತೆಗಿದ್ದ ಚಿತ್ರದ ಕೆಳಗೆ ‘ಅಜೇಯ ಜಪಾನಿ ಪಡೆ, ಬರ್ಮಾ, 1944’ ಎಂದು ಅಚ್ಚಾಗಿದೆ. 1942 ಎಂದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

– ನಿವೃತ್ತ ಸುಬೇದಾರ್, ಆರ್ಮಿ ಸರ್ವಿಸ್ ಕೋರ್
ಸೋಮವಾರಪೇಟೆ ತಾಲ್ಲೂಕು, ಕೊಡಗು